ಗಾಳಿ ತಣಿಯಲಿ, ಆಮೇಲೆ ಗಿಡ ಇಡಿ

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ಸಂಕಟ ಹೇಳಿವೆ. ಮಳೆಗಾಲ ಬಂತು ಅಂತ ಜೂನ್‌ನಲ್ಲಿ ಗಿಡ ಇಟ್ಟೆವು, ಒಣಗಿಹೋದವು ಅಂತ. ಹಾಗಾಗಿ ಮೊದಲ ಪ್ರಶ್ನೆಗೆ ಉದ್ದವಾಗಿಯೇ ಉತ್ತರ ಬರೆದಿದ್ದೇನೆ. ನಾನು ಮದುವೆಯಾಗಿ ಚಿಕ್ಕಬಳ್ಳಾಪುರಕ್ಕೆ ಬಂದು 31 ವರ್ಷವಾಯಿತು. ಇಲ್ಲಿ ಹೇಳುವುದೆಲ್ಲ ಈ ಕಡೆಯ ಕೆಂಪು ಮಣ್ಣು, ಈ ಕಡೆಯ ನೀರು ನೋಡಿ ಹೇಳುವ ಮಾತು. ಕರಾವಳಿ, ಮಲೆನಾಡಿನ ಓದುಗರು ತಿಂಗಳುಗಳನ್ನು ನಿಮ್ಮೂರಿಗೆ ಹೊಂದಿಸಿಕೊಳ್ಳಿ.

ಜೂನ್ ಮೊದಲ ವಾರ ಒಳ್ಳೆಯ ಮಳೆ ಬಂತು. ಸೀಬೆ, ನಿಂಬೆ, ಸಂಪಿಗೆ ಸೇರಿ 12 ಸಸಿ ನೆಟ್ಟೆ. ಆಮೇಲೆ ದಿನಾ ಮೋಡ ಇತ್ತು, ತುಂತುರು ಬೀಳುತ್ತಲೇ ಇತ್ತು. ಆದರೂ ಆಗಸ್ಟ್ ಮುಗಿಯುವಷ್ಟರಲ್ಲಿ 7 ಸಸಿ ಒಣಗಿದವು. ಗೆದ್ದಲು ಅಂತ ಕೆಲವರು, ಗೊಬ್ಬರ ಜಾಸ್ತಿಯಾಗಿದೆ ಅಂತ ಕೆಲವರು ಹೇಳುತ್ತಾರೆ. ಏನಿರಬಹುದು?
— ಓದುಗರು, ಗೌರಿಬಿದನೂರು

ಗೆದ್ದಲಾಗಿದ್ದರೆ ಕಾಂಡದ ಬುಡಕ್ಕೆ ಮಣ್ಣಿನ ಪದರ ಮೆತ್ತಿಕೊಂಡಿರುತ್ತದೆ. ಗೊಬ್ಬರ ಸುಟ್ಟಿದ್ದರೆ ನೆಟ್ಟ ಹದಿನೈದು ದಿನದೊಳಗೇ ಎಲೆಯ ಅಂಚು ಕಂದಾಗುತ್ತಿತ್ತು. ನೀವು ಬರೆದದ್ದು ನೋಡಿದರೆ ಸಸಿಗಳನ್ನು ಕೊಂದಿದ್ದು ಗಾಳಿ. ನನಗೂ ಹೀಗೇ ಆಗಿತ್ತು, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ನನ್ನ ತವರು ತೀರ್ಥಹಳ್ಳಿ ಕಡೆ. ಅಲ್ಲಿ ಜೂನ್ ಬಂತೆಂದರೆ ಕೋಲು ನೆಟ್ಟರೂ ಚಿಗುರುತ್ತದೆ. ಮದುವೆಯಾದ ಮೊದಲ ವರ್ಷ ಅಮ್ಮನ ಮನೆಯಿಂದ ದಾಸವಾಳ, ಸೇವಂತಿಗೆ, ಒಂದು ಕೊಕ್ಕೋ ಸಸಿ ಎಲ್ಲ ತಂದು, ಮೃಗಶಿರಾ ಮಳೆ ಬಿದ್ದ ಮರುದಿನವೇ ಹಿತ್ತಲಲ್ಲಿ ನೆಟ್ಟೆ. ಆಷಾಢ ಪೂರ್ತಿ ಆಕಾಶ ಕಪ್ಪಾಗಿಯೇ ಇತ್ತು. ಬೆಳಿಗ್ಗೆ ಎದ್ದರೆ ಅಂಗಳ ಒದ್ದೆ. ನೀರು ಯಾಕೆ ಹಾಕಬೇಕು ಅಂತ ಸುಮ್ಮನಿದ್ದೆ. ಒಂದು ತಿಂಗಳಿಗೆ ಎಲೆ ಜೋತುಬಿದ್ದವು. ನಮ್ಮತ್ತೆ ಬಂದು ಕೂತು, ಮುರಿದ ಕುಡುಗೋಲಿನ ತುದಿಯಿಂದ ದಾಸವಾಳದ ಬುಡ ಕೆದಕಿದರು. ಮೇಲೆ ಎರಡು ಬೆರಳಿನಷ್ಟು ಮಣ್ಣು ಒದ್ದೆಯಾಗಿ ಕಪ್ಪಗಿತ್ತು. ಅದರ ಕೆಳಗೆ ರಾಗಿ ಹಿಟ್ಟಿನ ಹಾಗೆ ಒಣಗಿದ ಮಣ್ಣು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಗಾಳಿಗೆ ಹಾರಿಹೋಯಿತು. "ಇದು ನಿಮ್ಮೂರಲ್ಲ ಕಣಮ್ಮ. ಇಲ್ಲಿ ಗಾಳಿ ತಣೀಬೇಕು, ಆಮೇಲೆ ಗಿಡ ಇಡಬೇಕು" ಅಂದರು. ಈ ಅಂಕಣದಲ್ಲಿ ನಾನು ಹೇಳುವುದರಲ್ಲಿ ಅರ್ಧ ಅವರಿಂದ ಕಲಿತದ್ದೇ.

ಯಾಕೆ ಹೀಗೆ ಅಂದರೆ, ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಬೀಸುವುದು ಪಶ್ಚಿಮದಿಂದ. ಅರಬ್ಬೀ ಸಮುದ್ರದಿಂದ ಹೊತ್ತು ತಂದ ನೀರನ್ನೆಲ್ಲ ಅದು ಘಟ್ಟದ ಮೇಲೇ ಸುರಿದುಬಿಡುತ್ತದೆ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ನಮ್ಮ ಕಡೆಗೆ ಬರುವ ಹೊತ್ತಿಗೆ ಮೋಡ ಉಳಿದಿರುತ್ತದೆ, ಗಾಳಿ ಉಳಿದಿರುತ್ತದೆ, ನೀರು ಉಳಿದಿರುವುದಿಲ್ಲ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಇಡೀ ವರ್ಷಕ್ಕೆ ಸಿಗುವುದು 700-750 ಮಿ.ಮೀ. ಆಸುಪಾಸು, ಅಂದರೆ ಆಗುಂಬೆಯ ಹತ್ತನೇ ಒಂದು ಪಾಲು. ಅದರಲ್ಲೂ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬರುವುದು ಸೆಪ್ಟೆಂಬರ್, ಅಕ್ಟೋಬರ್ ಎರಡೇ ತಿಂಗಳಲ್ಲಿ. ಜೋರು ಗಾಳಿ ಎಲೆಯಿಂದ ನೀರು ಹೀರುತ್ತಲೇ ಇರುತ್ತದೆ. ಹೊಸ ಸಸಿಗೆ ಬೇರು ಇನ್ನೂ ಮಣ್ಣು ಹಿಡಿದಿರುವುದಿಲ್ಲ. ಜೊತೆಗೆ ಗಾಳಿ ಕಾಂಡವನ್ನು ಅಲ್ಲಾಡಿಸಿ ಅಲ್ಲಾಡಿಸಿ, ಬಿಟ್ಟ ಒಂದೆರಡು ಎಳೆ ಬೇರನ್ನೂ ಹರಿಯುತ್ತದೆ. ಮೋಡ ನೋಡಿ ನಾವು ಮೋಸ ಹೋಗುತ್ತೇವೆ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಒಣಗಿದ ಏಳು ಸಸಿಯ ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಸಿಪ್ಪೆಯ ಕೆಳಗೆ ಹಸಿರಿದ್ದರೆ ಕೀಳಬೇಡಿ. ಒಣಗಿದ ತುದಿ ಕತ್ತರಿಸಿ, ಪಾತಿ ಮಾಡಿ, ನಿಧಾನವಾಗಿ ಒಂದು ಬಿಂದಿಗೆ ನೀರು ಕೊಡಿ. ಹೊಸ ಸಸಿ ಇಡುವುದಾದರೆ ಇದೇ ಹೊತ್ತು. ಸೆಪ್ಟೆಂಬರ್ 13ರ ಸುಮಾರಿಗೆ ಉತ್ತರೆ ಮಳೆ ಹುಟ್ಟುತ್ತದೆ, ಆಮೇಲೆ ಹಸ್ತ, ಚಿತ್ತೆ. ಅಕ್ಟೋಬರ್ 20ರೊಳಗೆ ನೆಟ್ಟು ಮುಗಿಸಿ. ಈಗ ಗಾಳಿ ತಣ್ಣಗಾಗಿದೆ. ಮಧ್ಯಾಹ್ನ ಬಿಸಿಲು ಕಾದು, ಸಂಜೆ ಗುಡುಗಿ ಬರುವ ಮಳೆ ಒಂದೇ ಸಲಕ್ಕೆ ಮೊಳದಾಳ ಇಳಿಯುತ್ತದೆ. ಬೇರು ಅದನ್ನು ಹುಡುಕಿಕೊಂಡು ಕೆಳಗೆ ಹೋಗುತ್ತದೆ. ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಎರಡು ಮೂರು ದಿನ ಜಡಿ ಹಿಡಿಯುವುದೂ ಉಂಟು. 2021ರ ನವೆಂಬರ್ ನೆನಪಿದೆಯಲ್ವಾ? ವರ್ಷಗಟ್ಟಲೆ ಒಣಗಿದ್ದ ಕೆರೆಗಳೆಲ್ಲ ಕೋಡಿ ಬಿದ್ದವು, ಕೊಯ್ದು ಬಿಟ್ಟಿದ್ದ ರಾಗಿ ಹೊಲದಲ್ಲೇ ಮೊಳಕೆ ಬಂತು. ಅದಕ್ಕೇ ಗುಂಡಿಯ ಮಣ್ಣು ಸುತ್ತಲಿನ ನೆಲಕ್ಕಿಂತ ನಾಲ್ಕು ಬೆರಳು ಎತ್ತರ ಇರುವ ಹಾಗೆ ತುಂಬಿ. ನೀರು ನಿಂತರೆ ನಿಂಬೆ ಬದುಕುವುದಿಲ್ಲ.

ಪ್ರತಿ ಸಸಿಗೂ ಪಶ್ಚಿಮ ದಿಕ್ಕಿಗೆ ಒಂದು ಗಟ್ಟಿ ಕಡ್ಡಿ ಊರಿ, ಬಟ್ಟೆ ದಾರದಿಂದ ಸಡಿಲವಾಗಿ ಕಟ್ಟಿ. ಬುಡಕ್ಕೆ ತರಗೆಲೆಯೋ ರಾಗಿ ಹುಲ್ಲೋ ಹೊದಿಸಿ, ಆದರೆ ಕಾಂಡಕ್ಕೆ ತಾಗಿಸಬೇಡಿ. ಡಿಸೆಂಬರ್‌ನಿಂದ ಮೇ ತನಕ ವಾರಕ್ಕೆ ಎರಡು ಸಲ ಹತ್ತು ಹತ್ತು ಲೀಟರ್ ನೀರು ಕೊಟ್ಟರೆ ಮುಂದಿನ ಆಷಾಢದ ಗಾಳಿಗೆ ಅವು ತಡೆದುಕೊಳ್ಳುತ್ತವೆ.

ತಾರಸಿಯ ಮೇಲೆ ದೊಡ್ಡ ಡ್ರಮ್‌ನಲ್ಲಿ ಫೆಬ್ರವರಿಯಲ್ಲಿ ಅವರೆ ಬೀಜ ಹಾಕಿದೆ. ಬಳ್ಳಿ ಕಂಬಿ ಹತ್ತಿ, ಪಕ್ಕದ ಮನೆಯ ಸಜ್ಜಕ್ಕೂ ಹೋಗಿದೆ. ಒಂದು ಹೂವಿಲ್ಲ. ಕಿತ್ತು ಹಾಕಲಾ?
— ಓದುಗರು, ಚಿಕ್ಕಬಳ್ಳಾಪುರ

ಕೀಳಬೇಡಿ! ಇಷ್ಟು ದಿನ ಕಾದಿದ್ದೀರಿ, ಇನ್ನು ಸ್ವಲ್ಪ ದಿನ.

ನಮ್ಮ ನಾಟಿ ಅವರೆ ಗಡಿಯಾರ ನೋಡುವ ಗಿಡ. ಹಗಲು ಉದ್ದ ಇರುವಾಗ ಅದು ಬರೀ ಬಳ್ಳಿ ಬೆಳೆಸುತ್ತದೆ. ಹಗಲು ಕುಗ್ಗಿ ರಾತ್ರಿ ಉದ್ದವಾದಾಗ ಮಾತ್ರ ಹೂವಿಗೆ ಬರುತ್ತದೆ. ನಮ್ಮ ಕಡೆ ಜೂನ್‌ನಲ್ಲಿ ಹಗಲು 13 ಗಂಟೆಗೆ ಸ್ವಲ್ಪ ಕಡಿಮೆ, ಡಿಸೆಂಬರ್‌ನಲ್ಲಿ ಹನ್ನೊಂದೂವರೆಗೂ ಕಡಿಮೆ. ವ್ಯತ್ಯಾಸ ಒಂದೂವರೆ ಗಂಟೆ, ಅಷ್ಟೇ. ಆದರೆ ಅವರೆಗೆ ಅದು ಗೊತ್ತಾಗುತ್ತದೆ. ನೀವು ಹಾಕಿದ್ದು ಫೆಬ್ರವರಿಯಲ್ಲಿ, ಹಗಲು ಬೆಳೆಯುತ್ತಾ ಹೋಗುವ ಕಾಲ. ಹಾಗಾಗಿ ಪಾಪ, ಅದು ಬೆಳೆಯುತ್ತಲೇ ಹೋಯಿತು. ನಮ್ಮ ರೈತರು ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ ಜುಲೈ, ಆಗಸ್ಟ್ ಹೊತ್ತಿಗೆ ಅವರೆ ಹಾಕುವುದು ಇದಕ್ಕೇ. ರಾಗಿ ಕೊಯ್ಲಿಗೆ ಬರುವ ಹೊತ್ತಿಗೆ ಅವರೆ ಹೂವಿಗೆ ಬರುತ್ತದೆ.

ಈಗ ಮಾಡಬೇಕಾದ್ದು ಸ್ವಲ್ಪವೇ. ಪಕ್ಕದ ಮನೆ ಕಡೆ ಹೋದ ತುದಿಗಳನ್ನು ಕತ್ತರಿಸಿ. ಹಳದಿ ಎಲೆ ತೆಗೆಯಿರಿ. ಎರಡು ಹಿಡಿ ತಿಪ್ಪೆಗೊಬ್ಬರ, ಒಂದು ಹಿಡಿ ಬೂದಿ ಕೊಡಿ. ಯೂರಿಯಾ ಮುಟ್ಟಬೇಡಿ, ಕೊಟ್ಟರೆ ಮತ್ತೆ ಎಲೆಯೇ ಬರುತ್ತದೆ. ತಾರಸಿಗೆ ಬೀದಿ ದೀಪದ ಬೆಳಕು ನೇರ ಬೀಳುತ್ತಿದ್ದರೆ ಡ್ರಮ್ ಇರುವ ಕಡೆ ರಾತ್ರಿ ಕತ್ತಲೆ ಮಾಡಿ. ಆ ಬೆಳಕಿಗೆ ರಾತ್ರಿಯಾಯಿತು ಅನ್ನುವುದೇ ಗಿಡಕ್ಕೆ ತಿಳಿಯದೆ ಹೋಗಬಹುದು. ಹೂಗೊಂಚಲು ಬಂದಾಗ ಮೋಡ ಕವಿದರೆ ಕಪ್ಪು ಹೇನು ಮುತ್ತುತ್ತದೆ. ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಚೂರು ಸೋಪಿನ ನೀರು ಸೇರಿಸಿ ಸಂಜೆ ಸಿಂಪಡಿಸಿ.

ವರ್ಷವಿಡೀ ಯಾವಾಗ ಹಾಕಿದರೂ ಕಾಯಿ ಬಿಡುವ ಗಿಡ್ಡ ತಳಿಗಳೂ ಇವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಅಂಥವು. ಕುಂಡಕ್ಕೆ ಅವು ಅನುಕೂಲ. ಆದರೆ ನನ್ನ ಮನಸ್ಸು ನಾಟಿ ಅವರೆಯ ಕಡೆಗೇ. ಡಿಸೆಂಬರ್ ಬೆಳಿಗ್ಗೆ ಮಂಜು ಇನ್ನೂ ಆರದಿರುವಾಗ ಒಂದು ಕಾಯಿ ಕಿತ್ತು ಬೆರಳಲ್ಲಿ ಉಜ್ಜಿ ನೋಡಿ. ಸಿಪ್ಪೆ ಜಿಡ್ಡು ಜಿಡ್ಡಾಗಿ ಅಂಟುತ್ತದೆ. ಆ ಜಿಡ್ಡಿನದೇ ಸೊಗಡು. ಸೋಪು ಹಾಕಿ ತೊಳೆದರೂ ಸಂಜೆವರೆಗೆ ಕೈ ಬಿಡುವುದಿಲ್ಲ. ಮಂಜು ಬಿದ್ದಷ್ಟೂ ಸೊಗಡು ಅಂತ ಇಲ್ಲಿಯವರು ಹೇಳುತ್ತಾರೆ. ಹಿದುಕಿದ ಬೇಳೆ ಸಾರಿಗೆ ಬೇಸಿಗೆಯ ಕಾಯಿ ಹಾಕಿದರೆ ಆ ರುಚಿ ಇರುವುದಿಲ್ಲ ಅಂತ ನಾನೂ ಹೇಳುತ್ತೇನೆ.

ಬೋರ್‌ವೆಲ್ ನೀರು ಹಾಕುತ್ತೇವೆ. ಕುಂಡದ ಅಂಚಿಗೆಲ್ಲ ಬಿಳಿ ಪುಡಿ ಕಟ್ಟಿದೆ. ಗುಲಾಬಿ, ದಾಸವಾಳದ ಎಲೆ ಹಳದಿಯಾಗಿದೆ, ನರ ಮಾತ್ರ ಹಸಿರು. ಗೊಬ್ಬರದ ಅಂಗಡಿಯಲ್ಲಿ ಯೂರಿಯಾ ಕೊಟ್ಟರು. ಹಾಕಿದ ಮೇಲೂ ಹಾಗೇ ಇದೆ.
— ಓದುಗರು, ಶಿಡ್ಲಘಟ್ಟ

ಮೊದಲು ಯಾವ ಎಲೆ ಹಳದಿಯಾಗಿದೆ ನೋಡಿ. ಕೆಳಗಿನ ಹಳೆಯ ಎಲೆ ಪೂರ್ತಿ ಹಳದಿಯಾದರೆ ಸಾರಜನಕ ಸಾಲದು. ಆಗ ಯೂರಿಯಾ ಸರಿ. ತುದಿಯ ಹೊಸ ಎಲೆ ಹಳದಿಯಾಗಿ, ನರ ಮಾತ್ರ ಬಲೆ ಬಿಡಿಸಿದ ಹಾಗೆ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ನಿಮ್ಮದು ಎರಡನೆಯದು. ಯೂರಿಯಾದಿಂದ ಪ್ರಯೋಜನವಿಲ್ಲ.

ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಆ ಕೆಂಪು ಬಣ್ಣವೇ ಕಬ್ಬಿಣದ್ದು. ಆದರೆ ಸಾವಿರ ಅಡಿ, ಅದಕ್ಕೂ ಆಳದಿಂದ ಎತ್ತುವ ನೀರು ಗಡಸು, ಸುಣ್ಣದ ಅಂಶ ಜಾಸ್ತಿ. ಅದನ್ನೇ ದಿನಾ ಹಾಕಿದರೆ ಕುಂಡದ ಮಣ್ಣು ಕ್ಷಾರವಾಗುತ್ತದೆ. ಆಮೇಲೆ ಕಬ್ಬಿಣ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ.

ಗೊಬ್ಬರದ ಅಂಗಡಿಯಲ್ಲಿ ಫೆರಸ್ ಸಲ್ಫೇಟ್ ಕೇಳಿ, ಹಳಬರು ಅನ್ನಭೇದಿ ಅನ್ನುತ್ತಾರೆ. ಒಂದು ಲೀಟರ್ ನೀರಿಗೆ 5 ಗ್ರಾಂ ಹಾಕಿ, ಅರ್ಧ ನಿಂಬೆಹಣ್ಣು ಹಿಂಡಿ. ನೀರು ತೆಳು ಹಸಿರಾಗಿರಬೇಕು. ಚಹಾ ಬಣ್ಣಕ್ಕೆ ತಿರುಗಿದರೆ ಅದು ಕೆಟ್ಟಿದೆ, ಚೆಲ್ಲಿಬಿಡಿ. ಇದಕ್ಕೂ ಮಳೆ ನೀರೇ ಒಳ್ಳೆಯದು. ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಹಳೆಯ ಎಲೆ ಪೂರ್ತಿ ಸರಿಹೋಗದೆ ಇರಬಹುದು. ಹೊಸ ಚಿಗುರು ಹಸಿರಾಗಿ ಬಂದರೆ ಗೆದ್ದಂತೆ.

ಈ ತಿಂಗಳ ಜೋರು ಮಳೆಗೆ ಕುಂಡಗಳನ್ನು ಬಯಲಿಗೆ ಇಡಿ. ಮಳೆ ನೀರು ಆ ಉಪ್ಪನ್ನು ತೊಳೆದು ಕೆಳಗಿನ ತೂತಿನಿಂದ ಹೊರಗೆ ಹಾಕುತ್ತದೆ. ಬಿಳಿ ಪದರ ಕಟ್ಟಿದ ಮೇಲ್ಮಣ್ಣು ಎರಡು ಬೆರಳು ತೆಗೆದು ಹೊಸ ಗೊಬ್ಬರ ತುಂಬಿ. ಇನ್ನೊಂದು ಮಾತು. ಮನೆಯ ನೀರು ಶುದ್ಧೀಕರಣ ಯಂತ್ರದಿಂದ ಹೊರಹೋಗುವ ನೀರನ್ನು ಗಿಡಕ್ಕೆ ಹಾಕುವವರು ತುಂಬಾ ಜನ ಇದ್ದಾರೆ. ಆ ನೀರಿನಲ್ಲಿ ಬೋರ್ ನೀರಿಗಿಂತಲೂ ಉಪ್ಪು ಜಾಸ್ತಿ ಇರುತ್ತದೆ. ನೆಲ ತೊಳೆಯಲು ಬಳಸಿ, ಕುಂಡಕ್ಕೆ ಬೇಡ. ಮತ್ತೆ, ಇದೇ ಬೋರ್ ನೀರು ಕುಡಿಯುತ್ತಿದ್ದರೆ ದಯವಿಟ್ಟು ಫ್ಲೋರೈಡ್ ಪರೀಕ್ಷೆ ಮಾಡಿಸಿ. ಲೀಟರ್‌ಗೆ 1.5 ಮಿಲಿಗ್ರಾಂ ದಾಟಬಾರದು. ಗಿಡದ ಅಂಕಣದಲ್ಲಿ ಇದು ಯಾಕೆ ಅಂದುಕೊಳ್ಳಬೇಡಿ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಮೊಬೈಲ್‌ನಲ್ಲಿ ದಿನಾ "ಸಂಜೆ ಮಳೆ" ಅಂತ ತೋರಿಸುತ್ತೆ. ನಂಬಿ ತರಕಾರಿ ಮಡಿಗೆ ನೀರು ಹಾಕಲ್ಲ. ಮಳೆ ಬರಲ್ಲ. ಯಾವುದನ್ನು ನಂಬೋದು?
— ಓದುಗರು, ಬಾಗೇಪಲ್ಲಿ

ಗುಡುಗು ಮಳೆ ಒಂದೊಂದು ಸಲ ಎರಡು ಮೂರು ಕಿಲೋಮೀಟರ್ ಅಗಲದಲ್ಲೇ ಮುಗಿದುಹೋಗುತ್ತದೆ. ಬಸ್ ನಿಲ್ದಾಣದ ಹತ್ತಿರ ಚರಂಡಿ ಉಕ್ಕಿ ಹರಿಯುತ್ತಿರುತ್ತದೆ, ನಮ್ಮ ಬೀದಿಯಲ್ಲಿ ಧೂಳು ಆರಿರುವುದಿಲ್ಲ. ಮೊಬೈಲ್ ಹೇಳುವುದು ಇಡೀ ಸುತ್ತಮುತ್ತಲಿನ ಮಾತು, ನಿಮ್ಮ ಮಡಿಯದಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆ ಮಾಪಕ ಇಟ್ಟಿದ್ದಾರೆ. ಅವರ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ನಿಮ್ಮ ಊರಿನ ಹೆಸರು ಹೇಳಿದರೆ ಮುನ್ಸೂಚನೆ ಕೊಡುತ್ತಾರೆ. ನಮ್ಮ ಕಡೆಯ ರೈತರಿಗೆ ಅದು ಉಪಯೋಗಕ್ಕೆ ಬಂದಿದೆ.

ಜೊತೆಗೆ ನೀವೇ ಅಳೆಯಿರಿ. ಬಾಯಿಯೂ ತಳವೂ ಒಂದೇ ಅಗಲ ಇರುವ ಸ್ಟೀಲ್ ಡಬ್ಬಿಯನ್ನು ಗೋಡೆ, ಮರದಿಂದ ದೂರ, ಬಯಲಲ್ಲಿ ಇಡಿ. ಬೆಳಿಗ್ಗೆ ಎಂಟೂವರೆಗೆ ಮಕ್ಕಳ ಸ್ಕೇಲ್ ಇಳಿಸಿ ನೋಡಿ. ಎಷ್ಟು ಮಿ.ಮೀ. ನೀರಿದೆಯೋ ಅಷ್ಟು ಮಿ.ಮೀ. ಮಳೆ. ಸ್ಕೇಲ್‌ನ ತುದಿಯಿಂದ ಸೊನ್ನೆಯವರೆಗೆ ಇರುವ ಖಾಲಿ ಜಾಗ ಸೇರಿಸಿಕೊಳ್ಳುವುದು ಮರೆಯಬೇಡಿ. ಸೊಪ್ಪು, ತರಕಾರಿ ಮಡಿಗೆ 10 ಮಿ.ಮೀ. ದಾಟಿದ್ದರೆ ಎರಡು ದಿನ ನೀರು ಬೇಡ. 5 ಮಿ.ಮೀ.ಗಿಂತ ಕಡಿಮೆಯಾದರೆ ಮಳೆ ಬಂದೇ ಇಲ್ಲ ಅಂದುಕೊಂಡು ನೀರು ಹಾಕಿ.

ತಾರಸಿ 1,000 ಚದರಡಿ ಇದೆ. ಮಳೆ ನೀರು ಹಿಡಿಯಲು ಖರ್ಚು ಮಾಡಬೇಕಾ? ಇಲ್ಲಿ ಮಳೆಯೇ ಕಡಿಮೆ ಅಲ್ವಾ?
— ಓದುಗರು, ಚಿಂತಾಮಣಿ

ಕಡಿಮೆ ಇರುವುದಕ್ಕೇ ಹಿಡಿಯಬೇಕು. ಲೆಕ್ಕ ನೋಡಿ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ತಾರಸಿ 93 ಚದರ ಮೀಟರ್. ವರ್ಷಕ್ಕೆ 700 ಮಿ.ಮೀ. ಅಂದರೂ 65,000 ಲೀಟರ್. ಹರಿದು, ಆವಿಯಾಗಿ ಐದನೇ ಒಂದು ಪಾಲು ಹೋಯಿತು ಅಂದುಕೊಳ್ಳಿ, 52,000 ಉಳಿಯುತ್ತದೆ. 5,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ ಹತ್ತು ಟ್ಯಾಂಕರ್‌ಗೂ ಜಾಸ್ತಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಅದರ ಮುಂದಿನ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಎಷ್ಟು ಕೊಟ್ಟಿರಿ ಅಂತ ನಿಮಗೇ ಗೊತ್ತು.

ಈಗಲೇ ದೊಡ್ಡ ತೊಟ್ಟಿ ಕಟ್ಟಿಸಬೇಕಿಲ್ಲ. ಪೈಪಿನ ಕೆಳಗೆ 200 ಲೀಟರ್‌ನ ಒಂದು ಡ್ರಮ್ ಇಡಿ. ಬರೀ 3 ಮಿ.ಮೀ. ಮಳೆಗೆ ಅದು ತುಂಬುತ್ತದೆ. ಬಾಯಿಗೆ ಹಳೆಯ ಪಂಚೆ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಸೊಳ್ಳೆ. ಬೇಸಿಗೆ ಕಳೆದು ಬರುವ ಮೊದಲ ಮಳೆಯ ನೀರನ್ನು ಬಿಟ್ಟುಬಿಡಿ, ತಾರಸಿಯ ಧೂಳು ತೊಳೆದುಹೋಗಲಿ. ತುಂಬಿ ಹರಿಯುವುದನ್ನು ಬೋರ್ ಪಕ್ಕದ ಇಂಗುಗುಂಡಿಗೆ ತಿರುಗಿಸಿ. ಕೊಳವೆಬಾವಿಯ ಬಾಯೊಳಗೆ ನೇರವಾಗಿ ಬಿಡುವುದು ಮಾತ್ರ ಬೇಡವೇ ಬೇಡ.

ನಮ್ಮ ಕಾಲೇಜಿನಿಂದ ನೋಡಿದರೆ ನಂದಿ ಬೆಟ್ಟದ ತಲೆ ಸದಾ ಮೋಡದಲ್ಲಿರುತ್ತೆ. ಊರಿನಲ್ಲಿ ಬಿಸಿಲು. ಇಷ್ಟು ಹತ್ತಿರ ಇದ್ದೂ ಹೀಗ್ಯಾಕೆ?
— ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ

ಒಳ್ಳೆಯ ಪ್ರಶ್ನೆ ಮಗಳೇ. ನಂದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರ, ನಮ್ಮೂರು 900 ಚಿಲ್ಲರೆ. ಗಾಳಿ ಬೆಟ್ಟಕ್ಕೆ ಬಡಿದು ಮೇಲೇರುವಾಗ ತಣ್ಣಗಾಗುತ್ತದೆ, ಅದರಲ್ಲಿರುವ ತೇವ ಮೋಡವಾಗುತ್ತದೆ. ಆಚೆ ಇಳಿಯುವಾಗ ಮತ್ತೆ ಬಿಸಿಯಾಗಿ ಕರಗಿಹೋಗುತ್ತದೆ. ನೀನು ನೋಡುವ ಮೋಡ ಅಲ್ಲೇ ನಿಂತ ಹಾಗೆ ಕಂಡರೂ ಕ್ಷಣಕ್ಷಣವೂ ಹೊಸದು. ಚಳಿಗಾಲದಲ್ಲಿ ಇದು ಉಲ್ಟಾ ಆಗುವುದನ್ನೂ ಗಮನಿಸು. ಡಿಸೆಂಬರ್ ಬೆಳಿಗ್ಗೆ ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಇಳಿದು ಊರಿನ ಮೇಲೆ ಮಂಜು ಕೂತಿರುತ್ತದೆ, ಬೆಟ್ಟದ ತಲೆ ಬಿಸಿಲಲ್ಲಿ ಹೊಳೆಯುತ್ತಿರುತ್ತದೆ.

ಕರಿಬೇವು ಚಳಿಗಾಲ ಬಂದರೆ ಸೊರಗುತ್ತೆ. ಎಲೆ ಉದುರಿ ಕಡ್ಡಿ ಆಗುತ್ತೆ. ಈ ವರ್ಷ ಮೊದಲೇ ಏನಾದರೂ ಮಾಡಬಹುದಾ?
— ಓದುಗರು, ಮುಳಬಾಗಿಲು

ಅದು ರೋಗವಲ್ಲ. ರಾತ್ರಿಯ ಬಿಸಿ 16 ಡಿಗ್ರಿಗಿಂತ ಕೆಳಗೆ ಇಳಿದರೆ ಕರಿಬೇವು ಬೆಳೆಯುವುದನ್ನು ನಿಲ್ಲಿಸುತ್ತದೆ. ನಮ್ಮ ಕಡೆ ಡಿಸೆಂಬರ್, ಜನವರಿಯಲ್ಲಿ ಅದಕ್ಕಿಂತ ಕೆಳಗೇ ಇರುತ್ತದೆ. ನಿದ್ದೆ ಮಾಡುವ ಗಿಡಕ್ಕೆ ನೀರು, ಗೊಬ್ಬರ ಸುರಿದರೆ ಬೇರು ಕೊಳೆಯುತ್ತದೆ. ಅಕ್ಟೋಬರ್‌ನಲ್ಲೇ ಒಂದು ಬುಟ್ಟಿ ತಿಪ್ಪೆಗೊಬ್ಬರ ಕೊಟ್ಟು ಮುಗಿಸಿ. ಆ ಎರಡು ತಿಂಗಳು ಮಣ್ಣು ಒಣಗಿದಾಗ ಮಾತ್ರ ನೀರು, ಅದೂ ಬಿಸಿಲೇರಿದ ಮೇಲೆ. ಎಲೆ ಬೇಕಾದರೆ ಗರಿ ಪೂರ್ತಿ ಮುರಿಯದೆ ಬಿಡಿ ಎಲೆ ಕಿತ್ತುಕೊಳ್ಳಿ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದಲ್ಲ, ಅದರ ಮರುದಿನ ಗಿಡದ ತುದಿಗಳನ್ನೆಲ್ಲ ಒಂದು ಗೇಣು ಕತ್ತರಿಸಿ, ಹುಳಿ ಮಜ್ಜಿಗೆಗೆ ಹತ್ತರಷ್ಟು ನೀರು ಬೆರೆಸಿ ಬುಡಕ್ಕೆ ಹಾಕಿ. ನಮ್ಮ ಮನೆಯಲ್ಲಿ ಯುಗಾದಿಯ ಒಬ್ಬಟ್ಟಿನ ಸಾರಿಗೆ ಹೊಸ ಚಿಗುರಿನದೇ ಒಗ್ಗರಣೆ.